ಹದಿನಾರು ವಹಿಯ ಮಗ್ಗ, ಹತ್ತೊಂಬತ್ತು ವಹಿಯ ಎಲೆ

ಜುಲೈ 30, ಬುಧವಾರ

ನಲವತ್ತಾರು ವರ್ಷ ಇಂಥ ನೋಟಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆದೆ. ಇವತ್ತು ಯಾರ ಮಗ್ಗದ ಬೀಮು, ಎಷ್ಟು ಎಳೆ ತುಂಬಿದೆವು, ಅಷ್ಟೆ. ದತ್ತವಾಡದ ಶಾಲೆಯನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟವನಿಗೆ ಅದಕ್ಕಿಂತ ಹೆಚ್ಚು ಬರೆಯುವುದೇನಿತ್ತು? ಇವತ್ತು ಬರೆಯಲು ಎಳೆ ಇಲ್ಲ, ಸಿಟ್ಟಿದೆ. ಅದನ್ನೇ ಬರೆಯುತ್ತೇನೆ. ಬಾಯಿಂದ ಬೈದರೆ ನಾಗೂಬಾಯಿ ಬಿ.ಪಿ. ಗುಳಿಗೆ ಹಿಡಿದು ಎದುರಿಗೆ ನಿಲ್ಲುತ್ತಾಳೆ. ನಲವತ್ತು ವರ್ಷದ ಸಂಸಾರ, ನನ್ನ ಎಲ್ಲ ಮಾತಿಗೂ ಅವಳ ಉತ್ತರ ಒಂದು ಗುಳಿಗೆ.

ಮುಂಜಾನೆ ಭೂಪಾಲಣ್ಣ ತನ್ನ ಕಾರಖಾನೆಗೆ ಕರೆಸಿದ್ದ.

"ಕಾಡಸಿದ್ದಣ್ಣಾ, ಇನ್ನ ಸ್ಯಾಂಪಲ್ ನೇಯೂದು ಬಂದ್ ಮಾಡ್ತೇನಿ. ಅರಿವಿ ಕೊಳ್ಳೂ ಮುಂಬೈದಾಂವ ಕಂಪ್ಯೂಟರ್ ಪಡದೆ ಮ್ಯಾಲ ನೋಡಿ ಪಾಸ್ ಮಾಡ್ತೇನಿ ಅಂದಾನ. ಭಾಳ ವ್ಯಾಳೆ ಉಳೀತೈತಿ."

"ಪಡದೆ ಮ್ಯಾಲ ಅರಿವಿ ಯಾಂವ ತೋರಸ್ತಾನ?"

"ಯಾಂವ ಅಲ್ಲ, ಯಾಕಿ ಅನ್ರಿ. ನಿಮ್ಮ ಸೊಸಿ ಸರಿತಾನ ತೋರಸ್ತಾಳ. ಮನ್ಯಾಗ ಹೀರಾ ಇಟಗೊಂಡು ಒಮ್ಮೆನೂ ಹೇಳಲಿಲ್ಲಲಾ!"

ಅವನು ನಕ್ಕ. ನಾನು ನಗಲಿಲ್ಲ.

ಹೊಸ ಡಿಸೈನ್ ಬಂದಾಗಲೆಲ್ಲ ಹಾಸುನೂಲು ಸುತ್ತಿದ ಸಣ್ಣ ಬೀಮು ಏರಿಸಿ, ಒಂದೊಂದೇ ಎಳೆಯನ್ನು ಎಳೆ ಎತ್ತುವ ಚೌಕಟ್ಟಿನ, ಅಂದರೆ ವಹಿಯ, ಕಣ್ಣಿನಲ್ಲಿ ತೂರಿಸಿ, ಬಾಚಣಿಗೆಯಂಥ ಫಣಿಯ ಹಲ್ಲಿನ ಸಂದಿಯಿಂದ ಎಳೆಯುವುದು ನನ್ನ ಮತ್ತು ಯಲ್ಲೇಶನ ಕೆಲಸ. ಆಚೆ ಕುಳಿತು ಅವನು ಎಳೆ ಕೊಡುತ್ತಾನೆ, ಈಚೆ ಕುಳಿತು ನಾನು ಕೊಕ್ಕಿಯಿಂದ ಎಳೆಯುತ್ತೇನೆ. ವಯಸ್ಸಾದ ಮೇಲೆ ದೊಡ್ಡ ಬೀಮುಗಳು ಹರೆಯದವರ ಪಾಲಾದವು. ಸ್ಯಾಂಪಲ್ ಮಾತ್ರ ನಮ್ಮ ಕೈಯಲ್ಲೇ ಉಳಿದಿತ್ತು. ಯಾಕೆಂದರೆ ಡಿಸೈನಿನಲ್ಲಿ ತಪ್ಪಿದ್ದರೆ ಅದು ಮೊದಲು ಸಿಕ್ಕುವುದು ನಮ್ಮ ಬೆರಳಿಗೆ. ಆ ಬೆರಳು ಇನ್ನು ಬೇಡವಂತೆ. ಬೇಡ ಮಾಡಿದವಳು ನನ್ನ ಮನೆಯಲ್ಲೇ ನನಗೆ ಊಟ ಬಡಿಸುತ್ತಾಳೆ.

ಆಗಸ್ಟ್ 3, ರವಿವಾರ

ಸರಿತಾ ಕಂಪ್ಯೂಟರಿನಲ್ಲಿ ತಾನು ಮಾಡಿದ ಅರಿವೆಯ ಚಿತ್ರ ತೋರಿಸಿದಳು. ನಾನು ಕೇಳಿರಲಿಲ್ಲ. ಅಜಿಂಕ್ಯನೇ ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದ. ಮಗ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ದುರಸ್ತಿ ಅಂಗಡಿ ಇಟ್ಟಿದ್ದಾನೆ, ಆದರೆ ಕಂಪ್ಯೂಟರನ್ನು ತಾನೇ ಹಡೆದವನ ಹಾಗೆ ಮಾತಾಡುತ್ತಾನೆ.

"ಅಪ್ಪಾ, ಖರೇ ಬೆಳಕ ಹ್ಯಾಂಗ ಬೀಳತೈತಿ, ಹಂಗ ಇದು. ಕಿರಣ ಒಂದ ಎಳಿಗೆ ಬಡದು, ಅಲ್ಲಿಂದ ಬಾಜೂದ ಎಳಿಗೆ ಹಾರಿ, ಆಮ್ಯಾಲ ಕಣ್ಣಿಗೆ ಬರತೈತಿ. ಕಂಪ್ಯೂಟರಿನ ಒಳಗ ಗ್ರಾಫಿಕ್ಸ್ ಕಾರ್ಡ್ ಅಂತ ಇರತೈತಿ, ಅದು ಅಷ್ಟೂ ಕಿರಣ ಎಣಸತೈತಿ. ಇದಕ್ಕ ರೇ ಟ್ರೇಸಿಂಗ್ ಅಂತಾರ."

"ಎಣಸಲಿ. ನನಗೇನು?"

"ಈಗಿದ್ದ ಕಾರ್ಡ್ ಮುದುಕ ಆಗೇತಿ. ಒಂದ ಚಿತ್ರಕ್ಕ ನಲವತ್ತ ಮಿನಿಟ ತಗೊಂತೈತಿ. ಮುಂಬೈದಾಂವಗ ಅರಿವಿ ಹೊಳ್ಳಿಸಿ, ದೀಪ ಸರಸಿ, ಅಲ್ಲೇ ಆಗಿಂದಾಗ ನೋಡಬೇಕು. ಅದಕ್ಕ ಹೊಸಾ ಕಾರ್ಡ್ ಬೇಕು."

ಮುದುಕ ಅನ್ನುವಾಗ ನನ್ನ ಕಡೆ ನೋಡಿದ. ಬೇಕಂತಲೇ ನೋಡಿದ.

ಚಿತ್ರದಲ್ಲಿ ಮೊದಲು ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಅವು ಒಂದೊಂದಾಗಿ ಅಡಗಿ ಅರಿವೆ ಮೂಡಿತು. ಶರ್ಟಿನ ಅರಿವೆ, ಬೂದಿ ಬಣ್ಣ, ಮೇಲೆ ಬಲಕ್ಕೆ ವಾಲಿದ ಸಣ್ಣ ಎಲೆ. ಒಂದೊಂದು ನೂಲಿನ ಮೇಲಿನ ಕೂದಲೂ ಕಾಣುತ್ತಿತ್ತು. ನಾಗೂಬಾಯಿ ಪಡದೆಯ ಮೇಲೆ ಬೆರಳಾಡಿಸಿ "ಅಯ್ ಶಿವನ, ಮೆತ್ತಗ ಇರಬೇಕೇನ ಅನಸ್ತೈತಿ" ಅಂದಳು.

ಎಲ್ಲರೂ ಬೆಳಕು ನೋಡಿದರು. ನಾನು ಎಳೆ ಎಣಿಸಿದೆ. ಬೇರೇನೂ ಬರುವುದಿಲ್ಲವಲ್ಲ ನನಗೆ. ಒಂದು ವಹಿಯಲ್ಲಿರುವ ಎಳೆಗಳೆಲ್ಲ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಬೇರೆ ಬೇರೆ ಏಳಬೇಕಾದ ಎಳೆಗೆ ಬೇರೆ ವಹಿ ಬೇಕು. ಸರಿತಾಳ ಎಲೆಗೆ ಹದಿನೇಳು, ಕೆಳಗಿನ ಸಾದಾ ನೇಯ್ಗೆಗೆ ಎರಡು. ಹತ್ತೊಂಬತ್ತು. ಮತ್ತೆ ಎಣಿಸಿದೆ. ಹತ್ತೊಂಬತ್ತೇ.

ಭೂಪಾಲಣ್ಣನ ಮಗ್ಗಗಳಿಗಿರುವುದು ಹದಿನಾರು ವಹಿ. ಉಳಿದ ಮೂರನ್ನು ಎಲ್ಲಿ ನೇತು ಹಾಕುತ್ತಾಳಂತೆ, ತನ್ನ ಕಿವಿಗೋ?

ಕಾಲೇಜಿನಲ್ಲಿ ಜಕಾರ್ಡ್ ಮಗ್ಗದ ಮೇಲೆ ಕಲಿತವಳು. ಅಲ್ಲಿ ಒಂದೊಂದು ಎಳೆಗೂ ಒಂದೊಂದು ದಾರ, ಯಾವುದನ್ನು ಬೇಕಾದರೂ ಎತ್ತು. ವಹಿ ಎಣಿಸಬೇಕು ಅನ್ನುವುದೇ ತಲೆಗೆ ಬಂದಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜಿಂಕ್ಯ, "ಅಪ್ಪಗ ಇದೆಲ್ಲ ತಿಳಿಯಂಗಿಲ್ಲ ಬಿಡ ಸರಿತಾ" ಅಂದ.

ತಿಳಿಯುವುದಿಲ್ಲ ಅಂದಮೇಲೆ ಮುಗಿಯಿತು. ಬಾಯಿ ಮುಚ್ಚಿದೆ. ಬೇಕಾದರೆ ಕೇಳಲಿ, ಹೇಳುತ್ತೇನೆ.

ಆಗಸ್ಟ್ 7, ಗುರುವಾರ

ಕಾರ್ಡ್ ತರುವುದಿಲ್ಲವಂತೆ! ಬೇಕೇ ಬೇಕು ಅಂದ ಮಗನೇ ಈಗ ತಡಿ ತಡಿ ಅನ್ನುತ್ತಾನೆ. ಹೊಸದು ಬರುತ್ತದಂತೆ. ಯಾರು ಹೇಳಿದರು? ಯಾವನೋ ಹೇಳಿದ. ಅವನಿಗೆ ಯಾರು ಹೇಳಿದರು? ಕಾರ್ಡ್ ಮಾಡುವ ಕಾರಖಾನೆಯೊಳಗಿನವನೊಬ್ಬ. ಅವನ ಹೆಸರೇನು? ಹೆಸರಿಲ್ಲ. ಹೆಸರಿಲ್ಲದವನ ಮಾತಿಗೆ ನನ್ನ ಮಗ ರೊಟ್ಟಿ ಮುರಿಯುವುದನ್ನು ಬಿಟ್ಟು ಮೊಬೈಲ್ ನೋಡುತ್ತಾನೆ.

ಎರಡು ಕಂಪನಿಗಳಂತೆ. ಒಂದಕ್ಕೆ ಹಸಿರು ಅನ್ನುತ್ತಾರೆ, ಇನ್ನೊಂದಕ್ಕೆ ಕೆಂಪು. ಬೆಳಕು ಎಣಿಸುವುದರಲ್ಲಿ ಹಸಿರಿನವರು ಮುಂದೆ. ಕೆಂಪಿನವರು ಬೆನ್ನು ಹತ್ತಿದ್ದಾರೆ. ಈ ಸಲ ಕೆಂಪಿನವರು ಹಿಡಿದುಬಿಡುತ್ತಾರಂತೆ. ಹಿಡಿದರೆ ಹಸಿರಿನವರು ಹೆದರಿ ಇನ್ನೂ ಚಲೋದನ್ನು ಹೊರಗೆ ತೆಗೆಯುತ್ತಾರಂತೆ. ಒಂದು ಫೋಟೋ ತೋರಿಸಿದ. ಮಂಜಿನಲ್ಲಿಟ್ಟ ಇಟ್ಟಂಗಿಯ ಹಾಗಿತ್ತು.

"ಇದ ಅಪ್ಪಾ, ಲೀಕ್ ಆಗಿದ್ದ ಫೋಟೋ. ಹಿಂದಿನ ಬಾಜೂ."

"ಹಿಂದಿನ ಬಾಜೂ ನೋಡಿ ಲಗ್ನ ಠರಾಯಿಸಿದ್ರ ಆಮ್ಯಾಲ ಮಾರಿ ನೋಡಿ ಅಳಬೇಕಾಗತೈತಿ ಮಗನ."

ಸರಿತಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳನ್ನು ನಗಿಸಲು ಹೇಳಿದ್ದಲ್ಲ.

ಇಚಲಕರಂಜಿಯಲ್ಲಿ ಹುಟ್ಟಿ ಬೆಳೆದವನಿಗೆ ವದಂತಿ ಗೊತ್ತಿರಬೇಡವೇ? ನಾಳೆ ಸೂತು, ಅಂದರೆ ನೂಲಿನ ದರ, ಇಳಿಯುತ್ತದೆ, ಸೋಮವಾರ ಏರುತ್ತದೆ ಎಂದು ಚಹಾದಂಗಡಿಯಲ್ಲಿ ಕೂತವರು ಎಷ್ಟು ಮಗ್ಗ ನಿಲ್ಲಿಸಿದರು! ಸೂತು ತನ್ನ ಪಾಡಿಗೆ ತಾನು ಏರಿತು, ಇಳಿಯಿತು. ನಿಂತ ಮಗ್ಗ ಮಾತ್ರ ನಿಂತೇ ಇತ್ತು.

ಆಗಸ್ಟ್ 12, ಮಂಗಳವಾರ

ಚಹಾದಂಗಡಿಯಲ್ಲಿ ಯಲ್ಲೇಶನಿಗೆ ಹತ್ತೊಂಬತ್ತರ ಸುದ್ದಿ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಸೊಸಿಗೆ ಹೇಳಿದ್ಯೋ ಇಲ್ಲೋ?"

"ಕೇಳಲಿ, ಹೇಳ್ತೇನಿ."

"ಲೇ ಕಾಡಸಿದ್ಯಾ, ನಾಳೆ ಆಕಿ ಭೂಪಾಲಣ್ಣನ ಮುಂದ ನಿಂತಾಗ ಮಾರಿ ಮಣ್ಣಾಗತೈತಿ. ಮುಂಬೈದಾಂವ ಪಾಸ್ ಮಾಡಿದ್ರ ಆಕಿಗೆ ಕಾರಖಾನ್ಯಾಗ ಡಿಸೈನಿನ ಟೇಬಲ್ ಕೊಡ್ತಾರಂತ. ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಆ ಟೇಬಲ್ ನಮ್ಮ ಹೊಟ್ಟಿ ಮ್ಯಾಲ ಇಡ್ತಾರ."

"ನಿನ್ನ ಹೊಟ್ಟಿ ಹಂಗೂ ಟೇಬಲ್ ಇಡೂವಷ್ಟ ಐತಿ" ಅಂದ. ಅವನ ಚಹಾ ಉಳಿದಿತ್ತು, ನಾನೇ ಕುಡಿದು ಎದ್ದು ಬಂದೆ.

ಅವಸರವೇನಿದೆ? ಕಾರ್ಡೇ ಬಂದಿಲ್ಲ. ಬಂದಮೇಲೆ ನೋಡೋಣ.

ಆಗಸ್ಟ್ 19, ಮಂಗಳವಾರ

ಅಜಿಂಕ್ಯ ಇವತ್ತು ಮಾರಿ ಇಳಿಬಿಟ್ಟು ಕೂತಿದ್ದ. ಹಸಿರಿನವರ ಕಾರ್ಡ್ ಮುಂದಕ್ಕೆ ಹೋಯಿತಂತೆ. ಯಾವಾಗ ಅಂತ ಹೆಸರಿಲ್ಲದವನಿಗೂ ಗೊತ್ತಿಲ್ಲವಂತೆ.

ಮಧ್ಯಾಹ್ನ ಊಟಕ್ಕೆ ಯಾಕೋ ಎರಡು ರೊಟ್ಟಿ ಹೆಚ್ಚು ಹೋದವು. ಮುಳಗಾಯಿ ಪಲ್ಲೆ ಚಲೋ ಆಗಿತ್ತು ಅಂತ ಕಾಣುತ್ತದೆ.

ಆಗಸ್ಟ್ 23, ಶನಿವಾರ

ಗಂಡ ಹೆಂಡತಿ ಜಗಳ. ಮುಂಬೈಯವನು ಸೆಪ್ಟೆಂಬರ್ ಒಂಬತ್ತಕ್ಕೆ ಬರುತ್ತಾನೆಂದು ಭೂಪಾಲಣ್ಣ ಹೇಳಿ ಕಳಿಸಿದ್ದಾನೆ.

"ಅಂಗಡ್ಯಾಗ ಇದ್ದದ್ದು ತಂದ ಹಾಕೂಣ್ರಿ. ಬರೂದರ ಸುದ್ದಿ ಕೇಳಿ ಕೇಳಿ ನನಗ ಸಾಕಾಗೇತಿ" ಅಂದಳು ಸರಿತಾ.

"ತಿಂಗಳ ತಡದ್ರ ಇಮ್ಮಡಿ ಜೋರದ್ದು ಬರತೈತಿ. ಇವತ್ತ ತಂದ್ರ ನಾಳೆ ಹಳೇದು" ಅಂದ ಇವನು.

ನಾನು ಹೊರಗೆ ಕಟ್ಟೆಯ ಮೇಲಿದ್ದೆ. ನನಗೆ ಸಂಬಂಧವಿಲ್ಲದ ಮಾತು. ಆದರೂ ಒಳಗೆ ಹೋಗಿ ಹೇಳಿದೆ: "ಕೆಂಪಿನವರದು ಗಣಪತಿ ಆದಮ್ಯಾಲ ಬರತೈತಂತ. ಬೆಳಕಿನ ಲೆಕ್ಕ ಹಸಿರಿಗಿಂತ ಚಲೋ ಮಾಡತೈತಂತ. ತಡೀರಿ."

ಅಜಿಂಕ್ಯ ಬಾಯಿ ತೆರೆದು ನೋಡಿದ. "ಅಪ್ಪಾ, ನಿನಗ ಯಾರ ಹೇಳಿದ್ರು?"

"ಚಹಾದಂಗಡ್ಯಾಗ ಒಬ್ಬಾಂವ."

ಯಾರೂ ಹೇಳಿರಲಿಲ್ಲ. ಎಲ್ಲಿಂದ ಬಂತೋ, ಬಾಯಿಗೆ ಬಂತು.

ಸರಿತಾ ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಮಾಮಾ ಎಂದೂ ಸುಳ್ಳ ಸುದ್ದಿ ಹೇಳಾವ್ರಲ್ಲ. ಗಣಪತಿ ತನಕಾ ತಡೀತೇನಿ" ಅಂದಳು.

ಈ ಹುಡುಗಿಯ ಮಾತಿನ ರೀತಿಯೇ ನನಗೆ ಆಗುವುದಿಲ್ಲ. ಸಂಜೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಾಟು ಸರಿಸಿದೆ. ಉಪ್ಪು ಸರಿಯಾಗಿಯೇ ಇದೆ ಅಂದಳು ನಾಗೂಬಾಯಿ. ಗುಳಿಗೆ ತಂದಿಟ್ಟಳು.

ಆಗಸ್ಟ್ 29, ಶುಕ್ರವಾರ

ಗಲ್ಲಿಯಲ್ಲಿ ಗಣಪತಿ ಕೂತಿದ್ದಾನೆ. ಸ್ಪೀಕರ್ ನನ್ನ ಕಿವಿಯಲ್ಲಿ ಕೂತಿದೆ. ಮುಂಜಾನೆ ಎದ್ದ ಕೂಡಲೇ ಅಜಿಂಕ್ಯನನ್ನು ಕೇಳಿದೆ, "ಬಂತೇನು?" "ಏನಪ್ಪಾ?" ಅಂದ. "ಕೆಂಪಿನವರದು." "ಇಲ್ಲಪ್ಪಾ." ದಿನಾ ಕೇಳುತ್ತಿದ್ದೇನಂತೆ. ಕೇಳಿದರೆ ತಪ್ಪೇನು? ಮನೆಯ ಹಿರಿಯ ನಾನು.

ಸೆಪ್ಟೆಂಬರ್ 2, ಮಂಗಳವಾರ

ಕೊಲ್ಹಾಪುರಕ್ಕೆ ಹೋಗಿ ಬಂದೆ. ಸರಿತಾ ಮುಂಜಾನೆ ತಲೆ ಹಿಕ್ಕಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು. "ಗಣಪತಿ ಬಂದ್ರೂ ಹೊಸಾದು ಬರಲಿಲ್ಲ. ನಾ ಕಾರ್ಡ್ ತರಾಕ ಹೊಂಟೇನಿ. ಯಾರು ಬರ್ತೀರಿ ಬರ್ರಿ." ಅಜಿಂಕ್ಯ ಮುನಿಸಿಕೊಂಡು ಅಂಗಡಿಗೆ ಹೋದ. ಒಬ್ಬಳನ್ನೇ ಕಳಿಸಲು ನಾಗೂಬಾಯಿಗೆ ಮನಸ್ಸಿಲ್ಲ. ನನ್ನನ್ನು ನೂಕಿದಳು.

ರಾಜಾರಾಮಪುರಿಯ ಅಂಗಡಿ. ಹೊರಗಿನ ಬಿಸಿಲು ಒಳಗೆ ಬರಬಾರದೆಂದು ಗಾಜಿಗೆಲ್ಲ ಕರಿ ಹಾಳೆ ಅಂಟಿಸಿ, ಒಳಗೆ ಬೆಳಕು ಎಣಿಸುವ ಯಂತ್ರ ಮಾರುತ್ತಾರೆ. ಅಂಗಡಿಯವನು ಕೇದಾರ ಅಂತ. ಅವನೂ ಮರಾಠಿಯಲ್ಲಿ ಅದೇ ರಾಗ, ಸ್ವಲ್ಪ ತಡೀರಿ, ಹೊಸದು ಬರುತ್ತದೆ ಅಂತ.

"ವಹಿನಿ, ಥೋಡೆ ಥಾಂಬಾ. ನವೀನ ಯೇತಯ್."

"ಕಧೀ ಯೇತಯ್?" ಯಾವಾಗ ಬರುತ್ತದೆ ಎಂದು ಕೇಳಿದಳು ಇವಳು.

"ಅಸಂ ಮ್ಹಣತಾತ..." ಹಾಗೆನ್ನುತ್ತಾರೆ, ಅಷ್ಟೆ.

"ಮ್ಹಣತಾತ ಅಂತ ಕಾರ್ಡಿಗೆ ಹೆಸರೈತೇನ್ರಿ? ಇದ್ರ ಅದನ್ನ ಕೊಡ್ರಿ. ಇಲ್ಲಾಂದ್ರ ಇವತ್ತ ಕಪಾಟಿನ್ಯಾಗ ಇದ್ದದ್ದು ಕೊಡ್ರಿ."

ಹಾಗೆ ನಾನು ಮಾತಾಡುತ್ತೇನೆ. ಇವಳು ಯಾವಾಗ ಕಲಿತಳು? ಹೋದ ವರ್ಷದ ಕಾರ್ಡ್ ಕೊಟ್ಟ. ಡಬ್ಬಿಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಹಾತಕಣಂಗಲೆ ದಾಟಿದಮೇಲೆ ಕೇಳಿದಳು.

"ಮಾಮಾ, ಒಂದ ಮಾತ ಕೇಳ್ತೇನಿ. ನೀವು ನನ್ನ ಎಲಿ ನೋಡೀರಿ. ಇಷ್ಟ ವರ್ಷ ಎಳಿ ತುಂಬೀರಿ. ಡಿಸೈನ್ಯಾಗ ಏನರ ತಪ್ಪ ಕಾಣಸ್ತೇನ್ರಿ?"

ಕೇಳಿದಳು. ಕೇಳಿಯೇ ಬಿಟ್ಟಳು. ಬಸ್ಸಿನ ಸದ್ದಿತ್ತು. ಮುಂದಿನ ಸೀಟಿನವನ ಕೋಳಿ ಬುಟ್ಟಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾಳೆ.

"ಬೆಳಕ ಚಲೋ ಐತಿ" ಅಂದೆ.

ಅವಳ ಮುಖ ಅರಳಿತು. ಆ ಮುಖ ನೋಡಲಾಗದೆ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ತೆಗೆದೆ. ಅವನು ಚಿಲ್ಲರೆ ಸರಿಯಾಗಿಯೇ ಕೊಟ್ಟಿದ್ದ.

ಸೆಪ್ಟೆಂಬರ್ 4, ಗುರುವಾರ

ಕಾರ್ಡ್ ಕೂಡಿಸಿದರು. ಎಳ್ಳೂ ಇಲ್ಲ, ಕಾಯುವುದೂ ಇಲ್ಲ. ಸರಿತಾ ಕೈಯಾಡಿಸಿದ ಹಾಗೆ ಅರಿವೆ ಹೊರಳಿತು, ನೆರಿಗೆ ಬಿತ್ತು. ದೀಪ ಸರಿಸಿದರೆ ನೆರಳೂ ಸರಿಯಿತು. ಹೋದ ವರ್ಷದ್ದೇ ಹೀಗಾದರೆ ಬರುವ ವರ್ಷದ್ದು ಏನು ಸೂರ್ಯನನ್ನೇ ಇಳಿಸುತ್ತದೆಯೇ?

"ದೀಪ ಕೆಳಗ ತಗೊ" ಅಂದೆ.

"ಎಷ್ಟ ಕೆಳಗ್ರಿ?"

"ಪಡುವಣ ಕಿಟಕಿ. ಸಂಜಿ ಐದರ ಬಿಸಲ. ಅರಿವಿ ಮ್ಯಾಲ ಅಡ್ಡ ಬೀಳಬೇಕು."

ಇಳಿಸಿದಳು. ಅರಿವೆ ತಪಾಸಣೆ ಮಾಡುವವರು ಆ ಬಿಸಿಲಿಗಾಗಿ ಕಾಯುತ್ತಾರೆ. ಎದ್ದ ಎಳೆ, ಬಿದ್ದ ಎಳೆ, ಎಲ್ಲ ಆಗ ಬೇರೆಬೇರೆಯಾಗಿ ನಿಲ್ಲುತ್ತವೆ. ಇಲ್ಲಿಯೂ ನಿಂತವು. ಎಲೆಯ ಹದಿನೇಳೂ ಎಳೆ ಸಾಲಾಗಿ ನಿಂತು ನನ್ನ ಮಾರಿ ನೋಡಿದವು. ಬೆಳಕಿನಲ್ಲಿ ಒಂದು ಸುಳ್ಳಿಲ್ಲ. ಕಾರ್ಡ್ ಎಲ್ಲವನ್ನೂ ಎಣಿಸಿದೆ.

"ಮಾಮಾ, ಕಣ್ಣಾಗ ನೀರ ಬಂದಾವಲ್ರಿ."

"ನಿನ್ನ ಪಡದೆ ಚುಚ್ಚತೈತಿ. ಬಂದ್ ಮಾಡದನ್ನ."

ಸೆಪ್ಟೆಂಬರ್ 9, ಮಂಗಳವಾರ

ಭೂಪಾಲಣ್ಣನ ಆಫೀಸಿನ ಗೋಡೆಯ ಮೇಲೆ ದೊಡ್ಡ ಟಿವಿ. ಮುಂಬೈಯವನು, ಭೂಪಾಲಣ್ಣ, ಅಜಿಂಕ್ಯ. ಹಿಂದಿನ ಬೆಂಚಿನ ಮೇಲೆ ನಾನು ಮತ್ತು ಯಲ್ಲೇಶ. ನಮ್ಮನ್ನೇಕೆ ಕರೆದಿದ್ದರೋ, ಪೇಢೆ ತಿನ್ನಲಿಕ್ಕಿರಬೇಕು. ಸರಿತಾ ಅರಿವೆ ಹೊರಳಿಸಿದಳು, ದೀಪ ಇಳಿಸಿದಳು. ಸಂಜೆ ಐದರ ಬಿಸಿಲು. ಅದನ್ನು ನಾನು ಹೇಳಿಕೊಟ್ಟೆನೆಂದು ಎಲ್ಲರೆದುರಿಗೆ ಹೇಳಿದಳು. ಮುಂಬೈಯವನು ಕುರ್ಚಿ ಮುಂದೆ ಎಳೆದುಕೊಂಡ.

"ಫಾರ್ ಛಾನ್. ಪಾಸ್. ಹೇಚ್ ಪಾಹಿಜೇ." ಬಹಳ ಚಲೋ ಆಗಿದೆ, ಇದೇ ಬೇಕು ಅಂದ.

ಭೂಪಾಲಣ್ಣ ಪೇಢೆಯ ಡಬ್ಬಿ ತೆರೆದ. "ಇಪ್ಪತ್ನಾಕ ಬೀಮು ಏರಸ್ತೇನಿ ಇದನ್ನ!"

ಯಲ್ಲೇಶ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ. ನಾನು ಎದ್ದು ನಿಂತಿದ್ದೆ. ಎದ್ದದ್ದು ಗೊತ್ತೇ ಆಗಿರಲಿಲ್ಲ.

"ಇದು ನೇಯಾಕ ಬರಂಗಿಲ್ಲ."

ಎಲ್ಲರೂ ಹೊರಳಿದರು.

"ಹತ್ತೊಂಬತ್ತ ವಹಿ ಬೇಕು. ನಿಮ್ಮ ಮಗ್ಗಕ್ಕ ಹದಿನಾರ ಅದಾವ. ಎಣಸ್ರಿ ಬೇಕಾರ."

ಸರಿತಾ ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ಎಣಿಸಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾವಾಗಿಂದ ಗೊತ್ತಿತ್ರಿ ಮಾಮಾ?"

ಈಗ ತಾನೇ ಕಂಡೆ ಅನ್ನಬಹುದಿತ್ತು. ಎಲ್ಲರೂ ನಂಬುತ್ತಿದ್ದರು.

"ಮೊದಲನೇ ದಿವಸದಿಂದ" ಅಂದೆ.

ಮುಂಬೈಯವನು ಎಂಟು ದಿನ ಕೊಟ್ಟ. ಎಲೆ ಹೀಗೇ ವಾಲಿರಬೇಕು, ನಿಮ್ಮ ಮಗ್ಗದ ಮೇಲೆ ಕೂರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ. ಪೇಢೆಯ ಡಬ್ಬಿ ಮುಚ್ಚಿತು.

ಸೆಪ್ಟೆಂಬರ್ 10, ಬುಧವಾರ

ಸರಿತಾ ಗಡಹಿಂಗ್ಲಜಕ್ಕೆ ತವರಿಗೆ ಹೋದಳು. ಕಂಪ್ಯೂಟರ್ ಇಲ್ಲೇ ಇದೆ.

ಸೆಪ್ಟೆಂಬರ್ 11, ಗುರುವಾರ

ನಾಗೂಬಾಯಿಯ ಜೊತೆ ಜಗಳ ತೆಗೆದೆ. ಗುಳಿಗೆ ತರಲಿಲ್ಲ.

ಸೆಪ್ಟೆಂಬರ್ 14, ರವಿವಾರ

ಚೌಕಳಿ ಹಾಳೆ ತಂದು ಮೂರು ದಿನದಿಂದ ಕೂತಿದ್ದೇನೆ. ಹದಿನೇಳನ್ನು ಹದಿನಾಲ್ಕು ಮಾಡಬೇಕು. ಮೂರು ಎಳೆಗಳನ್ನು ಬೇರೆ ಎಳೆಗಳ ಜೊತೆ ನಡೆಸಬೇಕು. ಒಂದನ್ನು ಕೂಡಿಸಿದರೆ ಎಲೆ ಬೆನ್ನು ಗೂನಾಗುತ್ತದೆ, ಇನ್ನೊಂದನ್ನು ಕೂಡಿಸಿದರೆ ತೊಟ್ಟು ಮುರಿಯುತ್ತದೆ. ಅಜಿಂಕ್ಯ ಬಂದು ಪಕ್ಕದಲ್ಲಿ ನಿಂತ. ಕೆಂಪಿನವರ ಕಾರ್ಡಿನ ಸುದ್ದಿ ಏನೋ ಬಂದಿದೆ ಅಂದ.

"ಸುಡ ನಿನ್ನ ಕೆಂಪು" ಅಂದೆ.

"ಅಪ್ಪಾ, ಚಹಾದಂಗಡ್ಯಾಗ ನಿನಗ ಹೇಳಿದಾಂವ ಖರೇನ ಇದ್ದನೇನು?"

"ಇರಲಿಲ್ಲ."

ಅವನು ಹೋದ. ಸಂಜೆ ಕಡೆಗೆ ಹದಿನಾಲ್ಕರಲ್ಲಿ ಕೂತಿತು. ಎಲೆಯ ತುದಿ ಹೋಯಿತು, ಮೊಂಡಾಯಿತು, ಆದರೂ ಎಲೆಯೇ. ಹಾಳೆ ಮಡಿಚಿ ಅಂಗಿಯ ಕಿಸೆಯಲ್ಲಿಟ್ಟಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಗಡಹಿಂಗ್ಲಜ. ಬೀಗರ ಮನೆ. ನಿಪ್ಪಾಣಿಯ ಮೇಲಿಂದ ಬಸ್ಸು ಹೋಗುವಷ್ಟೂ ಹೊತ್ತು ಏನು ಹೇಳಬೇಕೆಂದು ಕೂಡಿಸಿಕೊಂಡಿದ್ದೆ. ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟ ಕೂಡಲೇ ಅಷ್ಟೂ ಮರೆತುಹೋಯಿತು. ಬೀಗತಿ ಚಹಾ ತಂದರು.

"ಚಹಾ ಚಲೋ ಆಗೇತಿ" ಅಂದೆ. ಎರಡು ಸಲ ಅಂದೆ.

ಸರಿತಾ ಹಿತ್ತಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಎದ್ದು ನಿಂತಳು. ರೀತಿ ರಿವಾಜು ಬಿಡಲಿಲ್ಲ. ಮುಖ ಮಾತ್ರ ಬಿಗಿ.

"ಕೂಡ್ರಿ ಮಾಮಾ."

ಕುಳಿತೆ. ಅವಳ ಮುಂದೆಯೂ ಚೌಕಳಿ ಹಾಳೆ. ಎತ್ತಿ ನೋಡಿದೆ. ಎಣಿಸಿದೆ. ಹದಿಮೂರು. ಸಾದಾ ನೇಯ್ಗೆಯ ಎರಡು ಸೇರಿ ಹದಿನೈದು! ತುದಿ ಚೂಪಾಗಿಯೇ ಇತ್ತು. ಎಲೆಯ ಬೆನ್ನಿನ ನಾಲ್ಕು ಎಳೆಗಳನ್ನು ತೊಟ್ಟಿನ ಎಳೆಗಳ ಜೊತೆ ನಡೆಸಿದ್ದಳು. ಅದು ನನಗೆ ಮೂರು ದಿನದಲ್ಲಿ ಹೊಳೆದಿರಲಿಲ್ಲ. ಕಂಪ್ಯೂಟರ್ ಇಲ್ಲ, ಕಾರ್ಡ್ ಇಲ್ಲ, ಒಂದು ಪೆನ್ಸಿಲ್.

"ಭೂಪಾಲಣ್ಣಾರಿಗೆ ನಿನ್ನೆನ ಫೋಟೋ ಕಳಸೇನಿ. ಮುಂಬೈದಾವ್ರು ಹೂಂ ಅಂದಾರ" ಅಂದಳು.

ಕಿಸೆಯ ಹಾಳೆಯನ್ನು ಕಿಸೆಯಲ್ಲೇ ಬಿಟ್ಟೆ.

"ಮಾಮಾ, ಎಲ್ಲಾರ ಮುಂದ ಅಂದ್ರಿ ಅಂತ ನನಗ ಸಿಟ್ಟ ಬಂದಿಲ್ಲ. ಅಂದದ್ದು ಚಲೋನ ಆತು. ಬಸ್ಸಿನ್ಯಾಗ ನಾನ ಕೇಳಿದ್ನೆಲಾ. ಆವತ್ತ ಯಾಕ ಅನಲಿಲ್ಲ?"

ಇದಕ್ಕೆ ಉತ್ತರ ಬರೆಯೋಣವೆಂದು ಪೆನ್ನು ಹಿಡಿದು ಕೂತಿದ್ದೇನೆ. ಅಲ್ಲಿಯೂ ಬರಲಿಲ್ಲ, ಇಲ್ಲಿಯೂ ಬರುತ್ತಿಲ್ಲ. ಆಗ ನಾನು ಕೇಳಿದ್ದು ಬೇರೆಯೇ.

"ಬೀಮು ಯಾರ ತುಂಬ್ತಾರ?"

ತನ್ನ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿದಳು. ಒಳಗೆ ಬೀಗತಿ ಒಗ್ಗರಣೆ ಹಾಕಿದ್ದು ಕೇಳಿಸಿತು.

"ಮೊದಲನೇ ಬೀಮು ನೀವ ತುಂಬ್ರಿ. ನಾ ಭೂಪಾಲಣ್ಣಾರಿಗೆ ಹೇಳ್ತೇನಿ. ಆದ್ರ ತಪ್ಪ ಕಂಡ್ರ ಕಂಡ ದಿವಸನ ಹೇಳಬೇಕು. ನಂದಿದ್ರೂ, ನಿಮ್ಮದಿದ್ರೂ."

ಸೊಸೆ ಮಾವನಿಗೆ ಷರತ್ತು ಹಾಕುವ ಕಾಲ. ಹೂಂ ಅಂದೆ. ಒಂದೇ ಬಸ್ಸಿನಲ್ಲಿ ಬಂದೆವು. ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ.

ಸೆಪ್ಟೆಂಬರ್ 22, ಸೋಮವಾರ

ಸರಿತಾಳಿಗೆ ಕಾರಖಾನೆಯಲ್ಲಿ ಟೇಬಲ್ ಹಾಕಿದರು. ನಾವು ಬೀಮು ತುಂಬುವ ಕೋಣೆಯಿಂದ ಹನ್ನೆರಡು ಹೆಜ್ಜೆ. ಫ್ಯಾನು ಅವಳ ಕಡೆಗೇ ತಿರುಗಿದೆ. ನಾಲ್ಕು ಸಾವಿರದ ಎಂಟುನೂರು ಎಳೆ. ಯಲ್ಲೇಶ ಆಚೆ, ನಾನು ಈಚೆ. ಅವಳ ಹಾಳೆ ಗೋಡೆಗೆ ಅಂಟಿಸಿದೆ. ಬರೆದದ್ದು ಸ್ವಚ್ಛ, ಆದರೆ ಅಂಕಿಗಳು ಸಣ್ಣ. ದೊಡ್ಡದಾಗಿ ಬರೆಯಲು ಇವಳಿಗೆ ಏನು ಧಾಡಿ?

ಸೆಪ್ಟೆಂಬರ್ 23, ಮಂಗಳವಾರ

ಮೂರು ಸಾವಿರದ ಮುನ್ನೂರು ದಾಟಿದ್ದೆವು. ಬೆನ್ನು ನೋಯುತ್ತಿತ್ತು, ಎದ್ದು ಮೈ ಮುರಿದೆ. ಪಡುವಣ ಕಿಟಕಿಯಿಂದ ಬಿಸಿಲು ಫಣಿಯ ಮೇಲೆ ಬಿದ್ದಿತ್ತು. ಎರಡೆರಡು ಎಳೆ ಕೂತ ಸಂದಿಗಳೆಲ್ಲ ಮಬ್ಬು. ನಡುವೆ ಒಂದು ಕಡೆ ಮಾತ್ರ ಕೂದಲಿನಷ್ಟು ಬೆಳಕು ನೇರ ಹೊರಗೆ ಬಂದು ನೆಲದ ಮೇಲೆ ಗೀರಿನಂತೆ ಬಿದ್ದಿತ್ತು.

ಕುಳಿತು ನೋಡಿದೆ. ಒಂದು ಸಂದಿ ಖಾಲಿ. ಎಳೆ ಹಾಕದೆ ಮುಂದೆ ಹೋಗಿದ್ದೆ. ನಲವತ್ತಾರು ವರ್ಷದಲ್ಲಿ ಇಂಥದು ಆಗಿಲ್ಲವೆಂದು ಬರೆಯಬಹುದು, ಆದರೆ ಆಗಿದೆ, ಎರಡು ಸಲ. ಹೀಗೆಯೇ ಮಗ್ಗಕ್ಕೇರಿಸಿದರೆ ಅರಿವೆಯ ಉದ್ದಕ್ಕೂ ಒಂದು ಗೆರೆ. ಸರಿಮಾಡಬೇಕೆಂದರೆ ಅಲ್ಲಿಂದಾಚೆಯ ಸಾವಿರದ ನೂರು ಎಳೆಯನ್ನೂ ಫಣಿಯಿಂದ ಬಿಚ್ಚಿ ಮತ್ತೆ ಎಳೆಯಬೇಕು.

"ಒಂದ ಸಂದಿ. ತೊಳದಮ್ಯಾಲ ಕೂಡಿಹೋಗತೈತಿ" ಅಂದ ಯಲ್ಲೇಶ. "ಯಾಂವ ನೋಡ್ತಾನಲೇ? ಸುಮ್ಮ ಕೂಡ."

ಹನ್ನೆರಡು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಮನಸ್ಸು ಏನಾಗುತ್ತದೋ, ನಂಬಿಕೆಯಿಲ್ಲ. ಅಲ್ಲಿಂದಲೇ ಕೂಗಿದೆ. ಕಾರಖಾನೆಯ ಅಷ್ಟೂ ಮಗ್ಗದ ಸದ್ದಿನ ಮೇಲೆ ಕೇಳಿಸುವ ಹಾಗೆ ಕೂಗಿದೆ.

"ಸರಿತಾ! ನಾ ತಪ್ಪಿದೆ!"

ಓಡಿ ಬಂದಳು. ಏನಾಯಿತೋ ಎಂದು ಹೆದರಿದ್ದಳು. ಖಾಲಿ ಸಂದಿ ತೋರಿಸಿದೆ. ಬಗ್ಗಿ ನೋಡಿದಳು, ನೆಲದ ಮೇಲಿನ ಗೀರು ನೋಡಿದಳು, ನನ್ನನ್ನು ನೋಡಿದಳು.

"ಯಾವಾಗ ಕಂಡ್ರಿ?"

"ಈಗ. ಇನ್ನಾ ಕೊಕ್ಕಿ ಕೈಯಾಗನ ಐತಿ."

"ಹಂಗಾರ ಬಿಚ್ಚರಿ" ಅಂದಳು. ಫ್ಯಾನನ್ನು ನಮ್ಮ ಕಡೆ ತಿರುಗಿಸಿ ಹೋದಳು.

ಕತ್ತಲಾಗುವವರೆಗೆ ಬೈಯುತ್ತಲೇ ಬಿಚ್ಚಿದೆವು. ಯಲ್ಲೇಶ ನನ್ನನ್ನು ಬೈದ. ನಾನೂ ನನ್ನನ್ನೇ ಬೈದೆ.